[ಪದಚರ್ಚೆ] ‘ಹಾಲ್ ಆಫ್ ಫೇಮ್’ಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ ಬೇಕು)

ಬರೆದವರು: ಮಂಜಿನೂರಿನವ

ಎಲ್ಲರಿಗೂ ನಮಸ್ಕಾರ. ಮಿನಿಯಾಪೊಲಿಸ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಕೂಟದ ಮಕ್ಕಳಲ್ಲಿ ಐಸ್ ಹಾಕಿ ಆಡುವವರು ಈಗ ಜಾಸ್ತಿ. ರಾಜ್ಯೋತ್ಸವದ ದಿನ ಅಮೆರಿಕದ ಕಾಲೇಜು ಹಾಕಿಯ ದೊಡ್ಡ ಆಟಗಾರರ ಬಗ್ಗೆ ನಾಲ್ಕು ಫಲಕ ಇಡುತ್ತಿದ್ದಾರೆ. ಊರಿಂದ ಬಂದಿರುವ ಅಜ್ಜಿ-ತಾತಂದಿರು ಓದಬೇಕಲ್ಲ, ಹಾಗಾಗಿ ಬರಹ ಪೂರ್ತಿ ಕನ್ನಡದಲ್ಲಿ. ಶುಕ್ರವಾರ ಪ್ರಿಂಟಿಗೆ ಹೋಗಬೇಕು.

ಫಲಕಗಳು ಇವು. ಮೊದಲನೆಯದು ಹೋಬಿ ಬೇಕರ್. ಪ್ರಿನ್ಸ್‌ಟನ್‌ನಲ್ಲಿ ಓದಿ 1914ರಲ್ಲಿ ಹೊರಬಿದ್ದವರು. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದರು. ಯುದ್ಧ ಮುಗಿದ ಮೇಲೆ, 1918ರ ಡಿಸೆಂಬರ್ 21ರಂದು, ಫ್ರಾನ್ಸಿನ ತೂಲ್‌ನಲ್ಲಿ ರಿಪೇರಿಯಾಗಿದ್ದ ವಿಮಾನವನ್ನು ಪರೀಕ್ಷಿಸಲು ಹೋಗಿ ಬಿದ್ದು ಸತ್ತರು. ಆಗ ವಯಸ್ಸು 26. ಊರಿಗೆ ಮರಳುವ ಆದೇಶ ಕೈಗೆ ಬಂದಾಗಿತ್ತು. 1981ರಿಂದ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಇವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ.

ಎರಡನೆಯದು ಜಾನ್ ಮಯಾಸಿಚ್. ನಮ್ಮ ಮಿನೆಸೋಟ ವಿಶ್ವವಿದ್ಯಾಲಯದ ಪರವಾಗಿ 1950ರ ದಶಕದಲ್ಲಿ 298 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದವರು. ಅವರ 8ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರೂ ತೊಡುವ ಹಾಗಿಲ್ಲ. ಮೂರನೆಯದು ನೀಲ್ ಬ್ರಾಟನ್, ಬೇಕರ್ ಪ್ರಶಸ್ತಿ ಮೊದಲು ಸಿಕ್ಕಿದ್ದು ಇವರಿಗೆ. ನಾಲ್ಕನೆಯದು ಪ್ಯಾಟಿ ಕಾಜ್‌ಮೈಯರ್. ಇವರೂ ಪ್ರಿನ್ಸ್‌ಟನ್. 1990ರಲ್ಲಿ 28ನೇ ವಯಸ್ಸಿಗೇ ರಕ್ತದ ಕಾಯಿಲೆಯಿಂದ ತೀರಿಕೊಂಡರು. 1998ರಿಂದ ಹೆಣ್ಣುಮಕ್ಕಳ ಕಾಲೇಜು ಹಾಕಿಯಲ್ಲಿ ಇವರ ಹೆಸರಿನ ಪ್ರಶಸ್ತಿ ಇದೆ.

ನನಗೆ ಬೇಕಿರುವುದು ಮೂರು ಮಾತು. ದೊಡ್ಡ ಆಟಗಾರರ ಹೆಸರು ಸೇರಿಸಿ ಗೌರವಿಸುವ ‘ಹಾಲ್ ಆಫ್ ಫೇಮ್’ಗೆ ಏನನ್ನೋಣ? ಸತ್ತವರ ನೆನಪಿನ ಪ್ರಶಸ್ತಿಗೆ ‘ಸ್ಮಾರಕ ಪ್ರಶಸ್ತಿ’ ಸರಿಯಾ? ನಂಬರನ್ನು ‘ರಿಟೈರ್’ ಮಾಡುವುದಕ್ಕೆ ಏನು? ಮಗ ಫೋನಿನಲ್ಲಿ ಅನುವಾದ ಮಾಡಿಸಿ ‘ಖ್ಯಾತಿಯ ಸಭಾಂಗಣ’ ಅಂತ ತಂದ. ಮದುವೆ ಛತ್ರದ ಬೋರ್ಡಿನ ಹಾಗೆ ಕೇಳುತ್ತದೆ. ಕೂಟದ ಹಿರಿಯರೊಬ್ಬರು ‘ಕೀರ್ತಿಶೇಷರ ಸಾಲು’ ಅನ್ನಿ ಎಂದರು. ಬ್ರಾಟನ್ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಸ್ವಾಮಿ.

---

ಬರೆದವರು: ಶಾಸನಪ್ರಿಯ

ಇಷ್ಟಕ್ಕೆ ಹೊಸ ಪದ ಯಾಕೆ ಹುಡುಕಬೇಕು? ‘ವೀರಗಲ್ಲು’ ಇದೆಯಲ್ಲ. ಹೋರಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸಿ, ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ನಾಡು ನಮ್ಮದು. ಬೇಕರ್ ಯುದ್ಧಕ್ಕೆ ಹೋಗಿ ವಿಮಾನದಲ್ಲಿ ಸತ್ತವನು. ಅವನಿಗೆ ಇದಕ್ಕಿಂತ ಹೊಂದುವ ಪದ ಬೇರೆ ಇಲ್ಲ.

ಪ್ರಶಸ್ತಿಗೆ ‘ಬಾಳ್ಗಚ್ಚು’ ಬಳಸಿ. ಬಾಳ್ ಅಂದರೆ ಕತ್ತಿ, ಕರ್ಚು ಅಂದರೆ ತೊಳೆ. ಕತ್ತಿ ತೊಳೆದು ವೀರನಿಗೆ ಕೊಡುತ್ತಿದ್ದ ದತ್ತಿ. ಹತ್ತನೇ ಶತಮಾನದ ಆತಕೂರು ಶಾಸನದಲ್ಲಿ ಈ ಪದವೇ ಇದೆ. ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರನ ಸಾಹಸ ಮೆಚ್ಚಿ ದೊರೆ ಏನು ಬೇಕು ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು. ನಾಯಿಗೇ ಸಿಕ್ಕ ಗೌರವ ಹಾಕಿ ಆಟಗಾರನಿಗೆ ಹೆಚ್ಚಾಯಿತೇ?

---

ಬರೆದವರು: ಕ್ರೀಡಾಪುಟ

ಶಾಸನಪ್ರಿಯರೆ, ಕತೆ ಚೆನ್ನಾಗಿದೆ, ಪದ ಬೇಡ. ಬದುಕಿರುವ ಬ್ರಾಟನ್‌ಗೆ ವೀರಗಲ್ಲು ನಿಲ್ಲಿಸುತ್ತೀರಾ? ‘ಕೀರ್ತಿಶೇಷ’ಕ್ಕೆ ಇರುವ ತೊಂದರೆಯೇ ಇದಕ್ಕೂ ಇದೆ. ‘ಬಾಳ್ಗಚ್ಚು’ ಅಂದರೆ ಫಲಕದ ಮುಂದೆ ನಿಂತ ಅಜ್ಜಿಗೆ ಏನು ತಿಳಿಯುತ್ತದೆ?

ನಾನು ಪತ್ರಿಕೆಯ ಕ್ರೀಡಾ ಡೆಸ್ಕಿನಲ್ಲಿ ಬಹಳ ವರ್ಷ ಕೂತವನು. ರಾತ್ರಿ ಪುಟ ಕಟ್ಟುವಾಗ ನಮಗೆ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಓದುಗರಿಗೆ ತಿಳಿಯುವ ಮಾತನ್ನೇ ಹಾಕುತ್ತೇವೆ. 2015ರಲ್ಲಿ ಕುಂಬ್ಳೆ, 2018ರಲ್ಲಿ ದ್ರಾವಿಡ್ ಐಸಿಸಿಯ ಪಟ್ಟಿಗೆ ಸೇರಿದಾಗ ‘ಹಾಲ್ ಆಫ್ ಫೇಮ್ ಗೌರವ’ ಅಂತಲೇ ಬರೆದೆವು. ಯಾರೂ ಕಾಗದ ಹರಿದು ಬಿಸಾಡಲಿಲ್ಲ.

ಮಂಜಿನೂರಿನವರೆ, ನಿಮ್ಮ ಫಲಕಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿ. ಬೇಕರ್ ಹೆಸರಿನದು ಒಂದು ವರ್ಷದ ಆಟಕ್ಕೆ ಕೊಡುವ ಬಹುಮಾನ. 1993ರಲ್ಲಿ ಮೇಯ್ನ್ ವಿಶ್ವವಿದ್ಯಾಲಯದ ಪಾಲ್ ಕಾರಿಯಾ ಮೊದಲ ವರ್ಷದ ಹುಡುಗ, 39 ಪಂದ್ಯದಲ್ಲಿ 100 ಪಾಯಿಂಟ್ ತೆಗೆದ, ಪ್ರಶಸ್ತಿ ಅವನಿಗೇ ಹೋಯಿತು. ಅವನನ್ನು ಆಗಲೇ ‘ಸಾರ್ವಕಾಲಿಕ ಶ್ರೇಷ್ಠ’ ಅನ್ನೋಕೆ ಆಗುತ್ತಿತ್ತಾ? ಹಾಲ್ ಆಫ್ ಫೇಮ್ ಬೇರೆ. ಅದು ಇಡೀ ಆಟದ ಬದುಕನ್ನು ತೂಗಿ ಕೊಡುವ ಜಾಗ. ನಂಬರಿನ ವಿಷಯ ಇನ್ನೂ ಬೇರೆ. ಅದನ್ನು ಕೊಡುವುದು ಪ್ರಶಸ್ತಿ ಸಮಿತಿ ಅಲ್ಲ, ಅವರು ಆಡಿದ ಕಾಲೇಜೇ. ಮೂರಕ್ಕೂ ‘ಪ್ರಶಸ್ತಿ’ ಅಂತ ಬರೆದರೆ ಮಕ್ಕಳು ಮಾಡಿದ ಕೆಲಸ ವ್ಯರ್ಥ.

ಹಾಲ್ ಆಫ್ ಫೇಮ್ ಸೇರಿದವರಿಗೆ ‘ದಿಗ್ಗಜರ ಸಾಲಿಗೆ ಸೇರಿದರು’ ಅನ್ನಿ. ಎಲ್ಲರಿಗೂ ಗೊತ್ತಿರುವ ಮಾತು.

---

ಬರೆದವರು: ಶಾಸನಪ್ರಿಯ

ದಿಗ್ಗಜಗಳು ಎಂಟೇ. ಐರಾವತ, ಪುಂಡರೀಕ, ವಾಮನ, ಕುಮುದ, ಅಂಜನ, ಪುಷ್ಪದಂತ, ಸಾರ್ವಭೌಮ, ಸುಪ್ರತೀಕ. ಒಂಬತ್ತನೆಯವರನ್ನು ಯಾವ ದಿಕ್ಕಿನಲ್ಲಿ ನಿಲ್ಲಿಸುತ್ತೀರಿ? ಪತ್ರಿಕೆಯವರು ವಾರಕ್ಕೊಬ್ಬರನ್ನು ದಿಗ್ಗಜ ಮಾಡಿ ಆ ಪದವನ್ನು ಸವೆಸಿಬಿಟ್ಟಿದ್ದೀರಿ.

---

ಬರೆದವರು: ಎಲ್ಲರನುಡಿ

ಸಕ್ಕದದಿಂದ (ಸಂಸ್ಕೃತದಿಂದ) ತಂದ ಆನೆಗಳ ಲೆಕ್ಕ ಬಿಡಿ. ಕನ್ನಡದ್ದೇ ಪದ ಕಟ್ಟೋಣ. ‘ಖ್ಯಾತಿ’ಯ ಖ ಯಾರ ಬಾಯಲ್ಲಿ ಇದೆ? ಉಲಿಯದ ಅಕ್ಕರ ಬರೆಯುವುದೇಕೆ? ನನ್ನ ಸಲಹೆ ‘ಹೆಸರಾಳು’. ಹೆಸರು ಮಾಡಿದ ಆಳು. ‘ಹೆಸರಾಳುಗಳ ಮನೆ’ ಅಂದರೆ ಕಟ್ಟಡವೂ ಆಯಿತು, ಪಟ್ಟಿಯೂ ಆಯಿತು. ‘ಪ್ರಶಸ್ತಿ’ ಬದಲು ‘ಮೆಚ್ಚು’. ಐಸ್ ಹಾಕಿಗೆ ‘ಮಂಜುಕೋಲಾಟ’.

---

ಬರೆದವರು: ಕ್ರೀಡಾಪುಟ

ಆಳು ಅಂದರೆ ನಮ್ಮ ಕಡೆ ಕೂಲಿಯಾಳು. ಆಟಗಾರರ ಮನೆಯವರು ಓದಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ‘ಮಂಜುಕೋಲಾಟ’ಕ್ಕೆ ಏನು ಹೇಳಲಿ, ಜಾನಪದ ಮೇಳದಲ್ಲಿ ಕೋಲು ಹಿಡಿದು ಕುಣಿಯುವವರ ಚಿತ್ರ ಕಣ್ಣಿಗೆ ಬರುತ್ತದೆ.

---

ಬರೆದವರು: ಎಲ್ಲರನುಡಿ

ಕಟ್ಟಾಳು, ಮುಂದಾಳು ಎಲ್ಲ ಕೂಲಿಯವರಾ? ಬಳಸದೆ ಯಾವ ಪದವೂ ಒಗ್ಗುವುದಿಲ್ಲ. ‘ಹಾಲ್ ಆಫ್ ಫೇಮ್’ ಕಿವಿಗೆ ಒಗ್ಗಿದ್ದು ನೀವು ಪತ್ರಿಕೆಯಲ್ಲಿ ದಿನಾ ಬರೆದದ್ದಕ್ಕೆ. ಅಶ್ಟೇ.

---

ಬರೆದವರು: ಮಡಿಕೇರಿ ಮಳೆ

ಈ ಜಗಳ ನೋಡಿ ನಗು ಬಂತು. ಕೊಡಗಿನಲ್ಲಿ ಹಾಕಿ ನಮ್ಮ ಮನೆಯ ಆಟ. ‘ಹಾಕಿ’ಗೆ ಬೇರೆ ಪದ ಬೇಕು ಅಂತ ಯಾವ ಅಜ್ಜಿಯೂ ಕೇಳಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರು ಮಾಡಿದರು. ಆಮೇಲೆ ಯಾವ ಕುಟುಂಬ ನಡೆಸುತ್ತದೋ ಆ ವರ್ಷದ ಕಪ್ಪಿಗೆ ಅದೇ ಮನೆತನದ ಹೆಸರು. ‘ಪಾಂಡಂಡ ಕಪ್’ ಅಂದರೆ ಸಾಕು. ಅದರ ಮುಂದೆ ‘ಸ್ಮಾರಕ’ವೂ ಬೇಡ, ‘ಗೌರವಾರ್ಥ’ವೂ ಬೇಡ. ಹೆಸರು ಇಟ್ಟದ್ದೇ ಗೌರವ.

ಅದೇ ರೀತಿ ‘ಹೋಬಿ ಬೇಕರ್ ಪ್ರಶಸ್ತಿ’ ಅಂತ ನಿಲ್ಲಿಸಿ. ‘ಸ್ಮಾರಕ’ ಅಂದರೆ ಜನ ಕಲ್ಲಿನ ಕಟ್ಟಡ ಹುಡುಕುತ್ತಾರೆ. ಅವರು ತೀರಿಕೊಂಡ ಸಂಗತಿ ಹೇಗೂ ಕೆಳಗೆ ಬರೆದಿದ್ದೀರಲ್ಲ.

ಇನ್ನೊಂದು. ಬೇಕರ್ ಯಾವ ಜಾಗದಲ್ಲಿ ಆಡುತ್ತಿದ್ದರು ಅಂತ ಬರೆಯುತ್ತೀರಾ? ಆಗ ಒಂದು ತಂಡಕ್ಕೆ ಏಳು ಜನ ಇರುತ್ತಿದ್ದರಂತೆ, ಏಳನೆಯವನು ‘ರೋವರ್’. ಅದಕ್ಕೂ ಇಲ್ಲಿ ಯಾರಾದರೂ ಪದ ಕಟ್ಟುವ ಮೊದಲು ಕೇಳಿಬಿಡೋಣ ಅಂತ.

(ವಿಷಯ ಬಿಟ್ಟು ಒಂದು ಮಾತು: 1980ರಲ್ಲಿ ಬ್ರಾಟನ್ ಲೇಕ್ ಪ್ಲಾಸಿಡ್‌ನಲ್ಲಿ ಐಸ್ ಹಾಕಿಯ ಒಲಿಂಪಿಕ್ ಚಿನ್ನ ಗೆದ್ದರು. ಅದೇ ವರ್ಷ ಮಾಸ್ಕೋದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದ ಭಾರತದ ಹಾಕಿ ತಂಡಕ್ಕೂ ಚಿನ್ನ. ಇದನ್ನು ಫಲಕದ ಮೂಲೆಯಲ್ಲಿ ಹಾಕಿ, ತಾತಂದಿರು ಅಲ್ಲೇ ನಿಂತು ಓದುತ್ತಾರೆ.)

---

ಬರೆದವರು: ಮಂಜಿನೂರಿನವ

ಸೋಮಯ್ಯನವರ ಮಾತು ಖಂಡಿತ ಹಾಕುತ್ತೇವೆ, ಥ್ಯಾಂಕ್ಸ್. ರೋವರ್ ಅಂದರೆ ಗೊತ್ತಾದ ಜಾಗ ಅಂತಿಲ್ಲದೆ ಇಡೀ ಅಂಕಣ ಸುತ್ತಿ ಆಡುವವನು. ‘ರೋವರ್’ ಅಂತಲೇ ಬಿಟ್ಟು ಈ ಸಾಲನ್ನು ಜೊತೆಗೆ ಬರೆದಿದ್ದೇನೆ.

ಕ್ರೀಡಾಪುಟ ಅವರೆ, ‘ದಿಗ್ಗಜರ ಸಾಲಿಗೆ ಸೇರಿದರು’ ಒಂದು ಕಡೆ ಕೈಕೊಡುತ್ತದೆ. ಮಯಾಸಿಚ್ ಹುಟ್ಟಿದ ಎವೆಲೆತ್ ಇಲ್ಲಿಂದ ಉತ್ತರಕ್ಕೆ, ಕಬ್ಬಿಣದ ಗಣಿಗಳ ನಡುವಿನ ಸಣ್ಣ ಊರು. ಅಮೆರಿಕದ ಹಾಕಿ ಹಾಲ್ ಆಫ್ ಫೇಮ್ 1973ರಲ್ಲಿ ತೆರೆದದ್ದು ಅದೇ ಊರಲ್ಲಿ. ಅದು ನಿಜಕ್ಕೂ ಒಂದು ಕಟ್ಟಡ. ಮಕ್ಕಳು ಹೋಗಿ ಬಂದಿದ್ದಾರೆ, ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡಿದ್ದಾರೆ. ‘ಸಾಲಿನ ಮುಂದೆ ಮಕ್ಕಳು’ ಅಂತ ಬರೆಯಲಾ?

ನಂಬರಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ದಯವಿಟ್ಟು ಹೇಳಿ.

---

ಬರೆದವರು: ಕ್ರೀಡಾಪುಟ

ಕಟ್ಟಡಕ್ಕೆ ಅದರ ಹೆಸರೇ ಇರಲಿ: ‘ಹಾಕಿ ಹಾಲ್ ಆಫ್ ಫೇಮ್’. ಊರಿನ ಹೆಸರನ್ನು ಯಾರಾದರೂ ಅನುವಾದ ಮಾಡುತ್ತಾರಾ? ಸೇರುವ ಕ್ರಿಯೆಗೆ ‘ದಿಗ್ಗಜರ ಸಾಲು’. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಲು ಹೋಗಿ ಇಷ್ಟು ಪತ್ರ ಆಗಿದೆ.

ನಂಬರಿಗೆ ನಾವು ‘ಜೆರ್ಸಿಗೆ ನಿವೃತ್ತಿ’ ಅಂತ ಬರೆಯುತ್ತಿದ್ದೆವು. ಸಚಿನ್ ಅವರ 10, ಧೋನಿ ಅವರ 7ರ ಸುದ್ದಿ ಬಂದಾಗಲೂ ಅದೇ ಆಯಿತು. ನನಗೆ ಆಗಲೂ ಒಪ್ಪಿಗೆ ಇರಲಿಲ್ಲ. ಪಿಂಚಣಿ ಸಿಗುವುದು ಅಂಗಿಗೋ, ಆಟಗಾರನಿಗೋ?

---

ಬರೆದವರು: ತುಂಗಾತೀರ

ತಡವಾಗಿ ಬರುತ್ತಿದ್ದೇನೆ. ‘ಮುಡಿಪು’ ಅನ್ನಿ. ‘8ನೇ ನಂಬರ್ ಮಯಾಸಿಚ್ ಅವರಿಗೇ ಮುಡಿಪು.’ ತಿರುಪತಿಗೆ ಅಂತ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ದುಡ್ಡನ್ನು ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಯಾರೂ ಮುಟ್ಟುವುದಿಲ್ಲ ಅಲ್ವಾ, ಅದೇ ಅರ್ಥ. ಇನ್ನೊಬ್ಬರು ತೊಡಬಾರದು ಅನ್ನುವುದು ಪದದೊಳಗೇ ಇದೆ, ಬಿಡಿಸಿ ಹೇಳಬೇಕಿಲ್ಲ. ‘ಮೀಸಲು’ ಬೇಡ. ಅದನ್ನು ಓದಿದವರು ನೇಮಕಾತಿ ಪಟ್ಟಿ ಅಂದುಕೊಳ್ಳುತ್ತಾರೆ.

ಕಾರ್ನೆಲ್ ವಿಶ್ವವಿದ್ಯಾಲಯ 2010ರಲ್ಲಿ ಹೀಗೇ ಎರಡು ನಂಬರ್ ತೆಗೆದಿಟ್ಟಿತು. ಗೋಲ್‌ಕೀಪರ್ ಕೆನ್ ಡ್ರೈಡನ್ ಅವರ 1, ಜೋ ನ್ಯೂವೆಂಡೈಕ್ ಅವರ 25. ಡ್ರೈಡನ್ ಅಲ್ಲಿ 76 ಪಂದ್ಯ ಗೆದ್ದು ಬರೀ 4 ಸೋತವರು. ಅವರು ಆಟ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ನಡೆದದ್ದು ಇದು. ‘ನಿವೃತ್ತಿ’ ಅಂದರೆ ಆ ದಿನವೇ ಆಟ ಬಿಟ್ಟರೇನೋ ಅನ್ನಿಸುತ್ತದೆ. ಅದಕ್ಕೂ ಮುಡಿಪೇ ಸರಿ.

---

ಬರೆದವರು: ಎಲ್ಲರನುಡಿ

‘ಮುಡಿಪು’ ಅಚ್ಚಗನ್ನಡ. ಒಪ್ಪಿದೆ. ನೋಡಿ, ಹುಡುಕಿದರೆ ಸಿಗುತ್ತದೆ.

---

ಬರೆದವರು: ಶಾಸನಪ್ರಿಯ

ಮುಡಿಪು ದೇವರದ್ದು. ಆಟಗಾರ ದೇವರಾದನೇ?

---

ಬರೆದವರು: ತುಂಗಾತೀರ

‘ಬದುಕನ್ನೇ ಕನ್ನಡಕ್ಕೆ ಮುಡಿಪಿಟ್ಟರು’ ಅಂತ ನೀವೇ ಹೋದ ತಿಂಗಳು ಇಲ್ಲಿ ಒಬ್ಬರ ಬಗ್ಗೆ ಬರೆದಿದ್ದೀರಿ.

---

ಬರೆದವರು: ಮಂಜಿನೂರಿನವ

ಪ್ರಿಂಟಿಗೆ ಕಳಿಸಿಯಾಯಿತು. ಎರಡನೇ ಫಲಕ ಹೀಗಿದೆ: “ಎವೆಲೆತ್ ಊರಿನ ಜಾನ್ ಮಯಾಸಿಚ್ ಮಿನೆಸೋಟ ವಿಶ್ವವಿದ್ಯಾಲಯದ ಪರ 298 ಪಾಯಿಂಟ್ ಗಳಿಸಿದರು. ಆ ತಂಡದ 8ನೇ ನಂಬರ್ 1998ರಿಂದ ಅವರಿಗೇ ಮುಡಿಪು. ಅಮೆರಿಕದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ದಿಗ್ಗಜರ ಸಾಲಿಗೆ ಸೇರಿದ್ದಾರೆ.”

ಕಾಜ್‌ಮೈಯರ್ ಫಲಕದಲ್ಲಿ ‘ಆಟಗಾರ್ತಿ’ ಅಂತ ಹಾಕಿದ್ದೆ. ಗೋಲ್ ಕಾಯುವ ನಮ್ಮ ಹುಡುಗಿಯೊಬ್ಬಳು ಅದನ್ನು ಹೊಡೆದು ‘ಆಟಗಾರರು’ ಅಂತ ಬರೆದಳು. ಹಾಗೇ ಹೋಗಿದೆ. ಇದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.

---

ಬರೆದವರು: ಶಾಸನಪ್ರಿಯ

ಆಟಗಾರ್ತಿಯೇ ಸರಿ. ‘ಗಾರ್ತಿ’ ಪ್ರತ್ಯಯದ ಬಗ್ಗೆ ನಾಳೆ ವಿವರವಾಗಿ ಬರೆಯುತ್ತೇನೆ.