ಶ್ರೀಕಂಠನ ಹಿತ್ತಲಲ್ಲಿ ಕುಂಯ್ ಕುಂಯ್

ಮ್ಯಾಸಚೂಸೆಟ್ಸ್‌ನಲ್ಲಿ ನೆಲ ಮೆತ್ತಗಾಗೋದು ಏಪ್ರಿಲ್ ಮುಗಿಯೋ ಹೊತ್ತಿಗೆ. ನಮ್ಮ ಶ್ರೀಕಂಠನ ತಲೆ ಅದಕ್ಕೂ ಒಂದು ತಿಂಗಳು ಮೊದಲೇ ಮೆತ್ತಗಾಗಿತ್ತು. ವೂಸ್ಟರ್ ಹತ್ತಿರ 1926ರಲ್ಲಿ ಕಟ್ಟಿದ ಮನೆ ಅವನದು, ನಾಲ್ಕು ವರ್ಷದ ಹಿಂದೆ ತಗೊಂಡದ್ದು. "ನೂರು ವರ್ಷದ ಮನೆ ಅಂದ್ರೆ ನೂರು ವರ್ಷದಿಂದ ಜನ ಏನಾದ್ರೂ ಬೀಳಿಸ್ತಾನೇ ಇದ್ದಾರೆ ಅಂತ ಅರ್ಥ" ಅನ್ನೋದು ಅವನ ತರ್ಕ. ಹಾಗಾಗಿ ಮೆಟಲ್ ಡಿಟೆಕ್ಟರ್ ಬಂತು. ಬೆಲೆ ಎಷ್ಟು ಅಂತ ಹೆಂಡತಿ ಮಾಲಿನಿ ಕೇಳಿದಾಗ, "ನಿನ್ನ ಕಳೆದುಹೋದ ಓಲೆ ಹುಡುಕಕ್ಕೆ ಕಣೇ" ಅಂದುಬಿಟ್ಟನಂತೆ. ಪಾಪ, ಬೆಲೆಯ ಪ್ರಶ್ನೆ ಅಲ್ಲೇ ಸತ್ತಿತು.

ಭಾನುವಾರ ನಾನೂ ಧಾರವಾಡದ ಬಸಣ್ಣನೂ ಪ್ರೇಕ್ಷಕರಾಗಿ ಹಾಜರಾದೆವು. ಶ್ರೀಕಂಠನ ತಾಯಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಎಲ್ಲಿ ಬೇಕಾದ್ರೂ ಅಗೀರಪ್ಪ. ಆ ಈಶಾನ್ಯದ ಮೂಲೆ ಮಾತ್ರ ಬೇಡ, ಅಲ್ಲಿ ನೀರು ನಿಲ್ಲುತ್ತೆ."

ಮಷೀನು ಕುಂಯ್ ಅಂತು. ಶ್ರೀಕಂಠ ಮಂಡಿಯೂರಿದ. ಹುಲ್ಲನ್ನು ಮೂರು ಕಡೆ ಕೊಯ್ದು, ಒಂದು ಕಡೆ ಹಾಗೇ ಬಿಟ್ಟು, ಮಸಾಲೆ ದೋಸೆ ಮಗುಚಿದ ಹಾಗೆ ಮೇಲೆತ್ತಿದ. ಹಾಗೆ ಮಾಡಿದ್ರೆ ವಾಪಸ್ ಮುಚ್ಚಿದಾಗ ಹುಲ್ಲು ಸಾಯಲ್ವಂತೆ. ಕೆಳಗೆ ಅರ್ಧ ಗೇಣು ಮಣ್ಣು ಕೆದಕಿದ ಮೇಲೆ ಸಿಕ್ಕಿದ್ದು ಒಂದು ಅಲ್ಯೂಮಿನಿಯಂ ಉಂಗುರ. ಅದಕ್ಕೊಂದು ನಾಲಿಗೆ ಬೇರೆ.

"ಬಿಯರ್ ಡಬ್ಬಿ ಮುಚ್ಚಳಪಾ!" ಅಂದ ಬಸಣ್ಣ.

"ಪುಲ್ ಟ್ಯಾಬ್. ಐತಿಹಾಸಿಕ ವಸ್ತು" ಅಂದ ಶ್ರೀಕಂಠ ಗಂಭೀರವಾಗಿ. ಆಮೇಲೆ ಕಥೆ ಶುರು. ಒಹಾಯೊದಲ್ಲಿ ಅರ್ಮಲ್ ಫ್ರೇಝ್ ಅಂತ ಒಬ್ಬ 1959ರಲ್ಲಿ ಪಿಕ್ನಿಕ್‌ಗೆ ಹೋದನಂತೆ, ಓಪನರ್ ಮರೆತಿದ್ದ, ಡಬ್ಬಿಯನ್ನ ಕಾರಿನ ಬಂಪರಿಗೆ ಒತ್ತಿ ತೆಗೆದ. ಆ ಅವಮಾನದಲ್ಲಿ ಹುಟ್ಟಿದ್ದು ಈ ಟ್ಯಾಬು. ಕಿತ್ತು ಎಸೆಯೋದು ಸುಲಭ, ಅದಕ್ಕೇ ಇಡೀ ಅಮೆರಿಕ ಹತ್ತು ಹದಿನೈದು ವರ್ಷ ಕಿತ್ತು ಎಸೀತಾ ಕೂತಿತ್ತು. ಡಬ್ಬಿಗೇ ಅಂಟಿಕೊಂಡಿರೋ ಟ್ಯಾಬು ಬಂದಿದ್ದು 1975ರ ಸುಮಾರಿಗೆ.

ಹನ್ನೊಂದು ಗಂಟೆ ಹೊತ್ತಿಗೆ ಅಂಥವು ಏಳಾದವು. ಜೊತೆಗೆ ನಾಲ್ಕು ಮೊಳೆ, ಆಟದ ಕಾರಿನ ಒಂದು ಚಕ್ರ, ಯಾವುದೋ ಬೀಗದ ಅರ್ಧ.

"ಟ್ಯಾಬು ಬಂದ್ರೆ ಸುಮ್ಮನಿರು ಅಂತ ಮಷೀನಿಗೆ ಹೇಳಕ್ಕಾಗಲ್ವಾ?" ಕೇಳಿದೆ.

"ಹೇಳಬಹುದು. ಆದ್ರೆ ಚಿನ್ನದ ಉಂಗುರಕ್ಕೂ ಪರದೆ ಮೇಲೆ ಅದೇ ನಂಬರ್ ಬರುತ್ತೆ. ಕೆಳಗಿನ ಕಾಯಿಲು ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತೆ, ಲೋಹದಲ್ಲಿ ಸಣ್ಣ ಕರೆಂಟು ಸುಳಿ ಎದ್ದು ವಾಪಸ್ ಮಾತಾಡುತ್ತೆ. ಅದು ಎಷ್ಟು ಚೆನ್ನಾಗಿ ಕರೆಂಟು ಹರಿಸುತ್ತೆ, ಎಷ್ಟು ದೊಡ್ಡದು ಅನ್ನೋದಷ್ಟೇ ಇದಕ್ಕೆ ಗೊತ್ತು. ಮದುವೆದೋ ಬಿಯರಿನದೋ ಅಂತ ಗೊತ್ತಾಗಲ್ಲ."

"ಭಾಳ ಮಂದಿಗೂ ಗೊತ್ತಾಗಂಗಿಲ್ಲ ಬಿಡು" ಅಂದ ಬಸಣ್ಣ. ಅವನ ಮದುವೆಯಾಗಿ ಇಪ್ಪತ್ತೆರಡು ವರ್ಷ.

ಎಂಟನೇ ಗುಂಡಿಯಲ್ಲಿ ಮಾತ್ರ ಹಸಿರುಗಟ್ಟಿದ ಒಂದು ಬಿಲ್ಲೆ ಸಿಕ್ಕಿತು. ಉಗುಳು ಹಚ್ಚಿ ಉಜ್ಜಬೇಡ, ನಾಣ್ಯ ಕೆಡುತ್ತೆ ಅಂತ ಶ್ರೀಕಂಠ ಕಿರುಚೋ ಅಷ್ಟರಲ್ಲಿ ಬಸಣ್ಣ ಹಚ್ಚಿ ಉಜ್ಜಿ ಆಗಿತ್ತು. ಒಂದು ಕಡೆ ಲಿಂಕನ್, ಇನ್ನೊಂದು ಕಡೆ ಎರಡು ಗೋಧಿ ತೆನೆ. 1909ರಿಂದ 1958ರವರೆಗೆ ಟಂಕಿಸಿದ ಒಂದು ಸೆಂಟಿನ ನಾಣ್ಯ, 'ವೀಟ್ ಪೆನ್ನಿ' ಅಂತಾರೆ. ಅಮ್ಮ ಕೈಗೆ ತಗೊಂಡು ನೋಡಿ, "ನಮ್ಮ ರೂಪಾಯಲ್ಲೂ ತೆನೆ ಇತ್ತಲ್ಲ, ಇದರಲ್ಲೇನು ವಿಶೇಷ?" ಅಂತ ವಾಪಸ್ ಕೊಟ್ಟರು.

"ನಮ್ಮೂರಾಗ ಹಿಂಗ ಹಾಡಹಗಲ ನೆಲ ಅಗದಿದ್ರ ಊರಿಗೆ ಊರೇ ಸೇರತಿತ್ತು" ಅಂದ ಬಸಣ್ಣ. "ಅಮಾಸಿ ರಾತ್ರಿ, ಲಿಂಬಿಹಣ್ಣು, ಕೊಪ್ಪರಿಗಿ ಕಾಯೋ ಹಾವು. ಎಷ್ಟು ಗುಡಿ ಹಾಳ ಮಾಡ್ಯಾರ ಈ ನಿಧಿಗಳ್ಳರು! ಈಶ್ವರನ್ನ ಕಿತ್ತು ಬದಿಗಿಟ್ಟು ಬುಡಕ್ಕ ಕೈ ಹಾಕ್ತಾರ." ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತಿದೆ ಅಂದೆ. ಬಸಣ್ಣ ಪೆನ್ನಿ ನೋಡಿದ, "ಇದಕ್ಕ ಕಲೆಕ್ಟರ್ ಬ್ಯಾಡ, ತಲಾಠಿ ಸಾಕು."

ಶ್ರೀಕಂಠನಿಗೆ ಬೇಜಾರಾಯಿತು. ಇಂಗ್ಲೆಂಡಿನ ಸಫೋಕ್‌ನಲ್ಲಿ 1992ರಲ್ಲಿ ಒಬ್ಬ ರೈತ ಹೊಲದಲ್ಲಿ ಸುತ್ತಿಗೆ ಕಳಕೊಂಡನಂತೆ. ಡಿಟೆಕ್ಟರ್ ಇದ್ದ ಗೆಳೆಯನನ್ನು ಕರೆದ. ಅವನಿಗೆ ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯ, ಬೆಳ್ಳಿ ಚಮಚ, ಚಿನ್ನದ ಒಡವೆ. ಕೂಡಲೇ ಅಧಿಕಾರಿಗಳಿಗೆ ತಿಳಿಸಿದರು, ಅದಕ್ಕೇ ಎಲ್ಲಾ ಚೆನ್ನಾಗಿ ಉಳೀತು.

"ಮತ್ತೆ ಸುತ್ತಿಗೆ?" ಮಾಲಿನಿ ಕೇಳಿದಳು.

"ಅದೂ ಸಿಕ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿದೆ."

"ನೋಡಿದ್ರಾ? ಅವರು ಹುಡುಕಕ್ಕೆ ಹೋಗಿದ್ದನ್ನ ಬಿಡಲಿಲ್ಲ. ನನ್ನ ಓಲೆ ಎಲ್ಲಿ?"

ಅವಳ ಓಲೆಯ ಕಥೆ ನಮಗೆಲ್ಲ ಬಾಯಿಪಾಠ. ಗೃಹಪ್ರವೇಶದ ಗಲಾಟೆಯಲ್ಲಿ ಒಂದು ಕಳೀತು. ಉಳಿದ ಒಂಟಿ ಓಲೆ ಡಬ್ಬಿಯಲ್ಲಿಟ್ಟಿದ್ದಳು, ವಾರದಲ್ಲಿ ಅದೂ ಮಾಯ.

ಶ್ರೀಕಂಠ ಮಾತು ತಪ್ಪಿಸಲು ಗ್ರಹಾಂ ಬೆಲ್‌ನನ್ನು ಕರೆತಂದ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಗುಲಿತು. ಟೆಲಿಫೋನಿನ ಬೆಲ್ಲೇ ಒಂದು ಯಂತ್ರ ಮಾಡಿಕೊಂಡು ಬಂದ, ಮೈಯೊಳಗಿನ ಗುಂಡು ಹುಡುಕಕ್ಕೆ. ಹಾಸಿಗೆಯ ಸ್ಟೀಲ್ ಸ್ಪ್ರಿಂಗ್ ಅಡ್ಡ ಬಂತು ಅಂತಾರೆ. ಅದಕ್ಕಿಂತ ತಮಾಷೆ ಅಂದ್ರೆ, ಗುಂಡು ಬಲಗಡೆ ಇದೆ ಅಂತ ಡಾಕ್ಟರು ಮೊದಲೇ ತೀರ್ಮಾನಿಸಿದ್ದ, ಬಲಗಡೆ ಮಾತ್ರ ಹುಡುಕಕ್ಕೆ ಬಿಟ್ಟ. ಗುಂಡು ಇದ್ದದ್ದು ಎಡಗಡೆ. ಅಧ್ಯಕ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ಮಾಲಿನಿ ಒಂದು ನಿಮಿಷ ಸುಮ್ಮನಿದ್ದಳು. ಅತ್ತೆಯನ್ನ ನೋಡಿದಳು. ಈಶಾನ್ಯದ ಮೂಲೆ ನೋಡಿದಳು. ಗಂಡನ ಕೈಯಿಂದ ಮಷೀನು ಕಿತ್ತುಕೊಂಡು ನೇರ ಅಲ್ಲಿಗೇ ನಡೆದಳು. ನೀರೂ ಇಲ್ಲ ಏನೂ ಇಲ್ಲ, ನೆಲ ಒಣಕಲು.

ಕುಂಯ್ ಅನ್ನಲಿಲ್ಲ ಅದು, ಕೂಗಿತು. ಒಂದು ಗೇಣಿಗೇ ಸಲಿಕೆ ಟಣ್ ಅಂತು. ತಾಮ್ರದ ಚೊಂಬು! ಬಾಯಿಗೆ ಕಟ್ಟಿದ ಕೆಂಪು ಬಟ್ಟೆ ಕೊಳೆತು ಎಳೆ ಎಳೆಯಾಗಿತ್ತು. ಒಳಗೆ ಮಣ್ಣಾದ ನವಧಾನ್ಯ, ಕಪ್ಪಾದ ಒಂದು ರೂಪಾಯಿಯ ಐದು ಸ್ಟೀಲ್ ನಾಣ್ಯ. ತಳದಲ್ಲಿ, ಏನೂ ಆಗದ ಹಾಗೆ ಹೊಳೀತಾ, ಒಂದು ಓಲೆ.

"ಅತ್ತೇ!"

"ಪುರೋಹಿತರು ಫೋನಲ್ಲಿ ಹೇಳಿದ್ರಮ್ಮ, ಚೂರು ಚಿನ್ನ ಹಾಕಲೇಬೇಕು ಅಂತ. ಒಂಟಿ ಓಲೆ, ನೀನೂ ಹಾಕ್ಕೊಳ್ತಿರಲಿಲ್ಲ..."

ಬಸಣ್ಣ ಚೊಂಬನ್ನ ತಿರುಗಿಸಿ ನೋಡುತ್ತಿದ್ದ. "ಇನ್ನೂರು ವರ್ಷ ಬಿಟ್ಟು ಸಿಕ್ಕಿದ್ರ, ವೂಸ್ಟರ್ ತನಕ ವಿಜಯನಗರ ಇತ್ತು ಅಂತ ಬರೀತಿದ್ರಲ್ಲೋ!"

ಮಾಲಿನಿ ಓಲೆಯನ್ನ ಸೆರಗಿಗೆ ಒರೆಸಿ, ಮುಷ್ಟಿಯಲ್ಲಿ ಹಿಡಿದು ಕೇಳಿದಳು: "ಇದು ಸರಿ. ಮೊದಲು ಕಳೆದದ್ದು, ಇದರ ಜೋಡಿ?"

ಅಮ್ಮ ಮತ್ತೊಂದು ಕಟ್ಟು ಕೊತ್ತಂಬರಿಗೆ ಕೈ ಹಾಕಿದರು. "ಅದು ನನಗೇನು ಗೊತ್ತು? ಆ ನೈಋತ್ಯದ ಕಡೆ ಮಾತ್ರ ಹೋಗಬೇಡ ಕಣೇ, ಕೆಸರಿರುತ್ತೆ."