ಹಳೇ ಮನೆಯ ಹೆಂಚು, ಹಂಡೆ, ಒರಳುಕಲ್ಲು: ತೋಟದಲ್ಲಿ ಹೇಗೆ ಬಳಸಿದ್ದೀರಿ?

ಪುತ್ತೂರಿನ ಹತ್ತಿರ ನಮ್ಮ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದೇವೆ. ಹೆಂಚಿನ ದೊಡ್ಡ ರಾಶಿ, ತಾಮ್ರದ ಹಂಡೆ, ಒರಳುಕಲ್ಲು, ಕಬ್ಬಿಣದ ಟ್ರಂಕು, ಬಣ್ಣ ಹಚ್ಚಿದ ಹಳೇ ಕಿಟಕಿಗಳು, ಅಜ್ಜಿಯ ಕಾಲದ ಒಡೆದ ಪಿಂಗಾಣಿ ಕಪ್ಪು ಬಸಿ ಉಳಿದಿವೆ. ಗುಜರಿಗೆ ಹಾಕಲು ಮನಸ್ಸಿಲ್ಲ. ಅಂಗಳದ ತೋಟದಲ್ಲಿ ಚಂದ ಕಾಣುವ ಹಾಗೆ ಬಳಸಿದವರಿದ್ದರೆ ದಯವಿಟ್ಟು ಹೇಳಿ.

ಮಂಗಳೂರಿನಿಂದ:

ಹೆಂಚನ್ನಂತೂ ಖಂಡಿತ ಕೊಡಬೇಡಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಎಷ್ಟೋ ಕಾರ್ಖಾನೆ ಬಂದವು, ಈಗ ಬಹುಪಾಲು ಮುಚ್ಚಿವೆ. ನಿಮ್ಮ ರಾಶಿಯಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಒತ್ತಿರುತ್ತಾರೆ, ಕೆಲವದರಲ್ಲಿ ಇಸವಿಯೂ ಇರುತ್ತದೆ. ತೆಂಗಿನ ನಾರಿನಲ್ಲಿ ಬರೀ ನೀರು ಹಾಕಿ ಉಜ್ಜಿದರೆ ಪಾಚಿ ಹೋಗಿ ಅಕ್ಷರ ಏಳುತ್ತದೆ. ಅಂಥವನ್ನು ಬೇರೆ ತೆಗೆದಿಟ್ಟು, ಹೆಸರು ಕಾಣುವ ಹಾಗೆ ನಡೆಯುವ ದಾರಿಯ ಅಂಚಿಗೆ ಸಾಲಾಗಿ ನಿಲ್ಲಿಸಿ. ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗಬೇಕು, ಇಲ್ಲದಿದ್ದರೆ ಮೊದಲ ಜೋರು ಮಳೆಗೇ ವಾಲುತ್ತವೆ.

ಹೆಂಚಿಗೆ ಪೇಂಟ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ನೀರು ಕುಡಿಯುವ ವಸ್ತು. ಕೆಳಗಿನ ಮಣ್ಣಿನಿಂದ ತೇವ ಏರಿ ಬಣ್ಣ ಗುಳ್ಳೆ ಎದ್ದು ಕಿತ್ತು ಬರುತ್ತದೆ, ಆಮೇಲೆ ನೋಡುವುದಕ್ಕೇ ಬೇಜಾರು. ಅದರ ಕೆಂಪೇ ಸಾಕು, ಹಸಿರಿನ ಮಧ್ಯೆ ಎಷ್ಟು ಚಂದ ಕಾಣುತ್ತದೆ! ಒಡೆದ ಚೂರುಗಳನ್ನು ಇದ್ದಿಲ ಜೊತೆ ಬೆರೆಸಿ ಸೀತಾಳೆ (ಆರ್ಕಿಡ್) ಗಿಡ ಕೂರಿಸಿ, ಬೇರು ಚೆನ್ನಾಗಿ ಹಿಡಿಯುತ್ತದೆ.

ಹಂಡೆಗೆ ತೂತು ಹೊಡೆಸಬೇಡಿ. ತಳಕ್ಕೆ ಇಟ್ಟಿಗೆ ಇಟ್ಟು, ಅದರ ಮೇಲೆ ಗಿಡವಿರುವ ಮಾಮೂಲಿ ಪ್ಲಾಸ್ಟಿಕ್ ಕುಂಡ ಇಳಿಸಿ. ಮಣ್ಣನ್ನು ನೇರ ತಾಮ್ರಕ್ಕೆ ತುಂಬಿದರೆ ಬೇರಿಗೆ ಒಳ್ಳೆಯದಲ್ಲ. ಮಳೆಗಾಲಕ್ಕೆ ಹಂಡೆ ಸೂರಿನ ಒಳಗಿರಲಿ. ಅದರಲ್ಲಿ ನೈದಿಲೆ ಹಾಕಿ ಮೀನು ಬಿಡೋಣ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ತಾಮ್ರ ಮೀನಿಗೆ ವಿಷ. ನೈದಿಲೆಗೆ ಕಲ್ಲಿನ ಬಾನಿ ಸಿಕ್ಕಿದರೆ ಅದೇ ಸರಿ.

ಮೈಸೂರಿನಿಂದ:

ನಾನು ಪಿಂಗಾಣಿ ಚೂರಿನ ಕೆಲಸ ಮಾತ್ರ ಮಾಡಿರುವುದು, ಅದನ್ನೇ ಹೇಳುತ್ತೇನೆ. ಚಂಡೀಗಢದಲ್ಲಿ ನೇಕ್ ಚಂದ್ ಅಂತ ಒಬ್ಬ ರಸ್ತೆ ಇನ್‌ಸ್ಪೆಕ್ಟರ್ ಇದ್ದರು. 1950ರ ದಶಕದ ಕೊನೆಯಿಂದ ಯಾರಿಗೂ ಹೇಳದೆ ಕಾಡಿನೊಳಗೆ ಒಡೆದ ಕಪ್ಪು, ಬಳೆ, ಟೈಲ್ಸ್ ಚೂರಲ್ಲೇ ಗೊಂಬೆಗಳನ್ನು ಮಾಡುತ್ತಾ ಬಂದರು. 1976ರಲ್ಲಿ ಅದು ರಾಕ್ ಗಾರ್ಡನ್ ಅಂತ ಎಲ್ಲರಿಗೂ ತೆರೆಯಿತು. ಅಲ್ಲಿ ಬಳೆಯ ಗೊಂಬೆಗೆ ಮೈತುಂಬ ಬಳೆಯೇ, ಪಿಂಗಾಣಿಯದಕ್ಕೆ ಪಿಂಗಾಣಿಯೇ. ನೀವೂ ಒಂದು ಕುಂಡಕ್ಕೆ ಒಂದೇ ಬಗೆಯ ಚೂರು ಹಾಕಿ. ಕೈಗೆ ಸಿಕ್ಕಿದ್ದೆಲ್ಲ ಅಂಟಿಸಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಬಸಿಗಳನ್ನು ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಣ್ಣಿಗೆ ಕನ್ನಡಕ ಇರಲೇಬೇಕು. ಮಧ್ಯದಲ್ಲಿ ಹೂವಿನ ಚಿತ್ರ ಇದ್ದರೆ ಆ ಭಾಗ ಇಡಿಯಾಗಿ ಉಳಿಸಿಕೊಂಡು ಕುಂಡದ ಎದುರು ಭಾಗಕ್ಕೆ ಮೊದಲು ಅದನ್ನೇ ಅಂಟಿಸಿ, ಉಳಿದವು ಅದರ ಸುತ್ತ ಬರಲಿ. ಟೈಲ್ಸ್ ಅಂಟು ತೆಗೆದುಕೊಳ್ಳಿ, ಫೆವಿಕಾಲ್ ಮಳೆಗೆ ನಿಲ್ಲುವುದಿಲ್ಲ. ಅಂಟು ಪೂರ್ತಿ ಒಣಗಿದ ಮೇಲೆ ಸಂದಿಗಳಿಗೆ ಗ್ರೌಟ್ (ಟೈಲ್ಸ್ ಸಂದಿ ತುಂಬುವ ಸಿಮೆಂಟ್ ಪೇಸ್ಟ್) ತುಂಬಿ ಒದ್ದೆ ಸ್ಪಂಜಿನಲ್ಲಿ ಒರೆಸಿ. ಕೊನೆಗೆ ಎಲ್ಲ ಕಡೆ ಅಂಗೈ ಆಡಿಸಿ ನೋಡಿ, ಎಲ್ಲೂ ಚುಚ್ಚಬಾರದು, ಮಕ್ಕಳು ಮುಟ್ಟೇ ಮುಟ್ಟುತ್ತಾರೆ ಅಲ್ವಾ. ಕಪ್ಪಿನ ಹಿಡಿ ಬಿಸಾಡಬೇಡಿ. ಕುಂಡದ ಕಂಠದ ಹತ್ತಿರ ಎರಡೂ ಬದಿಗೆ ಕೂರಿಸಿದರೆ ಬಹಳ ಮುದ್ದಾಗಿರುತ್ತದೆ.

ಶಿರಸಿಯಿಂದ:

ಮೇಲಿನವರು ಹೇಳಿದ್ದು ಸರಿ. ಎರಡು ವಿಷಯ ಸೇರಿಸುತ್ತೇನೆ, ಎರಡೂ ಆರೋಗ್ಯದ್ದು.

ಕಿಟಕಿಯ ಬಣ್ಣವನ್ನು ಒಣ ಉಪ್ಪುಕಾಗದದಲ್ಲಿ ಸುಮ್ನೆ ಉಜ್ಜಲು ಹೋಗಬೇಡಿ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅಂತ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಆದರೆ ಸೀಸ ಇರುವ ಸಾಧ್ಯತೆ ಜಾಸ್ತಿ, ಆ ಧೂಳು ಮಕ್ಕಳಿಗೆ ಕೆಟ್ಟದ್ದು. ಮಾಸ್ಕ್ ಹಾಕಿ, ನೀರು ಚಿಮುಕಿಸುತ್ತಾ, ಏಳುತ್ತಿರುವ ಪದರ ಮಾತ್ರ ತೆಗೆದು ಮೇಲೊಂದು ಕೋಟ್ ಹೊಡೆಯಿರಿ. ಬಳ್ಳಿ ಹಬ್ಬಿಸಲು ಕಿಟಕಿ ತುಂಬಾ ಒಳ್ಳೆಯದು. ಆದರೆ ಮಲ್ಲಿಗೆ, ಶಂಖಪುಷ್ಪ ಸಾಕು, ಸೀಸದ ಭಯ ಇರುವ ಕಡೆ ತಿನ್ನುವ ಬಸಳೆ ಬೇಡ.

ಇನ್ನು ಒರಳುಕಲ್ಲು. ಗುಳಿಯಲ್ಲಿ ನೀರು ಹಾಕಿಟ್ಟರೆ ಹಕ್ಕಿಗಳು ಬರುತ್ತವೆ, ನಮ್ಮಲ್ಲಿ ಪಿಕಳಾರ ದಿನಾ ಬರುತ್ತದೆ. ಆದರೆ ಡೆಂಗಿ ಸೊಳ್ಳೆಗೆ ಅಷ್ಟೇ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆ ಗುಳಿಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಹಾಗಾಗಿ ಎರಡು ದಿನಕ್ಕೊಮ್ಮೆ ಬ್ರಷ್ಷಿನಲ್ಲಿ ತಿಕ್ಕಿಯೇ ತುಂಬಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಗುಳಿಗೆ ಜಲ್ಲಿ, ಮರಳು ಮಿಶ್ರಣ ತುಂಬಿ ಟೇಬಲ್ ರೋಸ್ ನೆಡಿ, ಅದನ್ನೂ ಮಳೆ ಬೀಳದ ಕಡೆ ಇಡಿ.

ಟ್ರಂಕಿನ ಫೋಟೋ ಹಾಕಿ. ಮುಚ್ಚಳ ಗಟ್ಟಿ ಇದೆಯಾ, ತುಕ್ಕು ಎಷ್ಟು ಒಳಗೆ ಇಳಿದಿದೆ ಅಂತ ನೋಡಿ ಕುಂಡ ಮಾಡಬಹುದಾ, ಬೆಂಚು ಮಾಡಬಹುದಾ ಹೇಳುತ್ತೇನೆ.