ಗ್ರಾಫ್ ಫೈಲ್‌ನಲ್ಲಿ ಮಡಿಕೇರಿ ಮಾಯ, "ರೋಡ್" ಅನ್ನೋ ಊರು ಎಲ್ಲಿಂದ ಬಂತು?

ಹಳಿಹುಚ್ಚ:
ರಾಜ್ಯದ ರೈಲು ಹಳಿಗಳನ್ನು ಗ್ರಾಫ್ ಮಾಡಿ ಪೈಥಾನ್‌ನಲ್ಲಿ ಸ್ವಲ್ಪ ಆಟ ಆಡೋಣ ಅಂತ ಹೊರಟೆ. ಜಿಲ್ಲಾ ಕೇಂದ್ರ, ದೊಡ್ಡ ಜಂಕ್ಷನ್ ಎಲ್ಲ ನೋಡ್ (ಬಿಂದು), ನಡುವಿನ ಹಳಿ ಎಡ್ಜ್ (ಗೆರೆ). ಸಾಲಿಗೊಂದು ಎಡ್ಜ್, ಮಧ್ಯ ಸ್ಪೇಸ್. ಫೈಲ್‌ನ ಒಂದು ತುಂಡು:

ಅರಸೀಕೆರೆ ಹಾಸನ
ಅರಸೀಕೆರೆ ಕಡೂರು
ಕಡೂರು ಬೀರೂರು
ಬೀರೂರು ಶಿವಮೊಗ್ಗ
ಹಾಸನ ಸಕಲೇಶಪುರ
ಸಕಲೇಶಪುರ ಸುಬ್ರಹ್ಮಣ್ಯ ರೋಡ್
ಸುಬ್ರಹ್ಮಣ್ಯ ರೋಡ್ ಮಂಗಳೂರು
ಮಡಿಕೇರಿ

ನೆಟ್‌ವರ್ಕ್‌ಎಕ್ಸ್‌ನಲ್ಲಿ (ಪೈಥಾನ್‌ನ ಗ್ರಾಫ್ ಲೈಬ್ರರಿ) ಓದಿಸಿದರೆ ಮಡಿಕೇರಿ ಇಲ್ಲ, ಮಂಗಳೂರೂ ಇಲ್ಲ, "ರೋಡ್" ಅಂತ ಹೊಸ ಊರು ಹುಟ್ಟಿದೆ. ಸಾಲದ್ದಕ್ಕೆ ಹಾಸನದಿಂದ ಶಿವಮೊಗ್ಗಕ್ಕೆ ದಾರಿಯೇ ಇಲ್ಲ ಅನ್ನುತ್ತಿದೆ. ಎರರ್ ಒಂದೂ ಇಲ್ಲ. ಬೇರೆ ಫಾರ್ಮ್ಯಾಟ್‌ಗೆ ಹೋಗಲಾ?

ಬಾಲಕೃಷ್ಣನ_ಬಗ್:
ಮಡಿಕೇರಿಗೆ ರೈಲೇ ಇಲ್ಲವಲ್ಲ ಮಾರಾಯ್ರೆ! ಎಡ್ಜ್ ಪಟ್ಟಿ ಅಂದಮೇಲೆ ಅದರಲ್ಲಿ ಎಡ್ಜ್ ಮಾತ್ರ ಇರುತ್ತದೆ, ಒಂಟಿ ನೋಡ್‌ಗೆ ಜಾಗ ಇಲ್ಲ. ಸಾಲಿನಲ್ಲಿ ಎರಡು ಪದ ಇಲ್ಲದಿದ್ದರೆ ಸುಮ್ನೆ ದಾಟಿ ಹೋಗುತ್ತದೆ.

"ರೋಡ್" ಹುಟ್ಟಿದ್ದು ಸ್ಪೇಸ್‌ನಿಂದ. ಮೊದಲ ಎರಡು ಪದ ತಗೊಂಡು ಉಳಿದದ್ದನ್ನು ಬಿಟ್ಟಿದೆ, ಹಾಗಾಗಿ ಕೊನೆಯ ಪದ ಮಂಗಳೂರು ಹೋಯಿತು. ನೀವು ಡೇಟಾ ಫಾಲ್ಸ್ (data=False, ಮಿಕ್ಕ ಪದ ಓದಬೇಡ) ಅಂತ ಕೊಟ್ಟಿರಬೇಕು, ಇಲ್ಲದಿದ್ದರೆ ಅಲ್ಲೇ ಎರರ್ ಕೊಡುತ್ತಿತ್ತು.

ಚಿತ್ರಗಾರ:
ಗ್ರಾಫ್‌ವಿಜ್‌ನ ಡಾಟ್‌ನಲ್ಲಿ (ಗ್ರಾಫ್ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನ ಫಾರ್ಮ್ಯಾಟ್) ಬರೆದುಬಿಡಿ, ಎರಡೂ ಸರಿಹೋಗುತ್ತದೆ. ಜೊತೆಗೆ ಚಿತ್ರ ಬೇರೆ ಬರುತ್ತದೆ:

"ಮಡಿಕೇರಿ";
"ಸುಬ್ರಹ್ಮಣ್ಯ ರೋಡ್" -- "ಮಂಗಳೂರು";

ದಿಕ್ಕು ಇಲ್ಲದ ಗ್ರಾಫ್ ಆದರೆ -- , ದಿಕ್ಕು ಇದ್ದರೆ -> .

ಬಾಲಕೃಷ್ಣನ_ಬಗ್:
ಚಿತ್ರಕ್ಕೆ ಡಾಟ್ ಚೆನ್ನ, ಒಪ್ಪಿದೆ. ಆದರೆ ಅಲ್ಲೂ ಹೆಸರು ಬರೆದ ಕೂಡಲೇ ನೋಡ್ ಹುಟ್ಟುತ್ತದೆ. ಒಂದು ಕಡೆ "ಸಕಲೇಶಪುರ", ಇನ್ನೊಂದು ಕಡೆ "ಸಕಲೇಶ್ಪುರ" ಅಂತ ಬರೆದರೆ ಎರಡು ಊರು, ಯಾರೂ ಕೇಳಲ್ಲ.

ಶಿವಮೊಗ್ಗದ ಕಥೆಯೂ ಇದೇ ಇರಬೇಕು. ಒಂದು ಬೀರೂರನ್ನು ಎಲ್ಲಿಂದಲೋ ಕಾಪಿ ಮಾಡಿದ್ದೀರಾ? ಯೂನಿಕೋಡ್‌ನಲ್ಲಿ "ಬೀ"ಯ ದೀರ್ಘ ಒಂದೇ ಚಿಹ್ನೆಯಾಗಿಯೂ ಇರಬಹುದು, ಗುಡಿಸು ಮತ್ತು ದೀರ್ಘದ ಗುರುತು ಬೇರೆಬೇರೆಯಾಗಿ, ಎರಡು ಚಿಹ್ನೆಯಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಪ್ರೋಗ್ರಾಮಿಗೆ ಎರಡು ಊರು. ಓದುವಾಗ ಎನ್‌ಎಫ್‌ಸಿಗೆ (ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ಬದಲಾಯಿಸಿದರೆ ಇದು ಹೋಗುತ್ತದೆ. ಆದರೆ "ರೋಡ್" ಕೊನೆಗೆ ಕಾಣದ ಜೋಡಣೆ-ತಡೆ ಅಕ್ಷರ (ZWNJ) ಅಂಟಿಕೊಂಡಿದ್ದರೆ ಎನ್‌ಎಫ್‌ಸಿ ಅದನ್ನು ತೆಗೆಯಲ್ಲ, ನೀವೇ ತೆಗೀಬೇಕು.

ನಾನಾದರೆ ಟಿಜಿಎಫ್ (ಟ್ರಿವಿಯಲ್ ಗ್ರಾಫ್ ಫಾರ್ಮ್ಯಾಟ್) ಬಳಸುತ್ತೇನೆ. ಹೆಸರು ಒಂದೇ ಸಲ ಬರೆಯೋದು, ಆಮೇಲೆಲ್ಲ ನಂಬರ್:

1 ಸಕಲೇಶಪುರ
2 ಸುಬ್ರಹ್ಮಣ್ಯ ರೋಡ್
3 ಮಂಗಳೂರು
4 ಮಡಿಕೇರಿ
#
1 2
2 3

ಮೇಲೆ ನೋಡ್, # ಆದಮೇಲೆ ಎಡ್ಜ್. ಮೊದಲ ಸ್ಪೇಸ್ ತನಕ ನಂಬರ್, ಉಳಿದದ್ದೆಲ್ಲ ಹೆಸರು. ಓದೋಕೆ ಹತ್ತು ಹನ್ನೆರಡು ಸಾಲು ಪೈಥಾನ್ ಸಾಕು. ಮೇಲಿನ ಪಟ್ಟಿಯಲ್ಲಿ ಇಲ್ಲದ ನಂಬರ್ ಕೆಳಗೆ ಬಂದರೆ ಅಲ್ಲೇ ನಿಲ್ಲಿಸಿ. ಅದೊಂದು ಚೆಕ್ ಮಾತ್ರ ಬಿಡಬೇಡಿ.

ದಾರಿಹೋಕ:
ಇಷ್ಟೆಲ್ಲ ಯಾಕೆ, ಗ್ರಾಫ್‌ಎಂಎಲ್ (ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಗ್ರಾಫ್ ಫಾರ್ಮ್ಯಾಟ್) ಇದೆಯಲ್ಲ? ನೋಡ್ ಬೇರೆ, ಎಡ್ಜ್ ಬೇರೆ, ದೂರ-ಗೀರ ಏನು ಬೇಕಾದರೂ ಸೇರಿಸಬಹುದು.

ಬಾಲಕೃಷ್ಣನ_ಬಗ್:
ಪ್ರೋಗ್ರಾಮ್ ಬರೆಯೋದಾದರೆ ಸರಿ ಸರ್. ಅಷ್ಟೊಂದು ಎಕ್ಸ್‌ಎಂಎಲ್ ಕೈಯಲ್ಲಿ ಟೈಪ್ ಮಾಡೋರು ಯಾರು?

ಹಳಿಹುಚ್ಚ:
ಹೌದು, ಒಂದು ಬೀರೂರು ಪಿಡಿಎಫ್‌ನಿಂದ ಎತ್ತಿದ್ದೆ! ಎರಡರ ಉದ್ದ ನೋಡಿದೆ, ಒಂದು 6, ಇನ್ನೊಂದು 7. ಟಿಜಿಎಫ್‌ಗೆ ಬದಲಾಯಿಸಿದೆ, ಹಾಸನದಿಂದ ಶಿವಮೊಗ್ಗಕ್ಕೆ ದಾರಿ ಸಿಕ್ಕಿತು. ಮಡಿಕೇರಿ ಚಿತ್ರದ ಮೂಲೆಯಲ್ಲಿ ಒಂಟಿಯಾಗಿ ಕೂತಿದೆ, ಪಾಪ.